ದೂರದಿಂದ ನೀಡುವ ಚಿಕಿತ್ಸೆಯಲ್ಲಿ ಔಷಧ ಸುರಕ್ಷತೆ: ಕ್ಲಿನಿಕಲ್ ಫಾರ್ಮಸಿ ಪ್ರಬಂಧಕ್ಕೆ ವಿಡಿಯೊ ಕರೆ ಆರಿಸಿಕೊಳ್ಳಲೇ, ಮೊಬೈಲ್ ಆ್ಯಪ್ ಆರಿಸಿಕೊಳ್ಳಲೇ?

ಮನೆಯಲ್ಲಿರುವ ರೋಗಿಗಳ ಔಷಧ ದೋಷಗಳನ್ನು, ಅಂದರೆ ಔಷಧ ಸೇವನೆಯಲ್ಲಿ ಆಗುವ ತಪ್ಪುಗಳನ್ನು, ದೂರದಿಂದಲೇ ಪರಿಶೀಲಿಸಲು ವಿಡಿಯೊ ಕರೆ ಒಳ್ಳೆಯದೋ ಮೊಬೈಲ್ ಆ್ಯಪ್ ಒಳ್ಳೆಯದೋ ಎಂದು ಕೇಳಿದ್ದೀರಿ. ಎರಡರಲ್ಲಿ ಯಾವುದನ್ನು ಆರಿಸಿಕೊಂಡರೂ ನಿಮ್ಮ ಪ್ರಬಂಧ ಕೆಡುವ ಸಾಧ್ಯತೆ ಅಷ್ಟೇ ಇದೆ, ಏಕೆಂದರೆ ಯಾವ ದೋಷವನ್ನು ಎಣಿಸುತ್ತೀರಿ, ಯಾರು ಎಣಿಸುತ್ತಾರೆ ಎಂಬುದನ್ನು ನೀವು ಎಲ್ಲಿಯೂ ಹೇಳಿಲ್ಲ. ನನ್ನ ಸಂಶೋಧನಾ ಪ್ರಸ್ತಾವದಲ್ಲಿಯೂ ಅದು ಇರಲಿಲ್ಲ.

ಆಸ್ಪತ್ರೆಯಿಂದ ಮನೆಗೆ ಮರಳಿದ, ಐದು ಅಥವಾ ಅದಕ್ಕಿಂತ ಹೆಚ್ಚು ಔಷಧಗಳನ್ನು ಸೇವಿಸುವ ಹಿರಿಯ ರೋಗಿಗಳನ್ನು ನಾನು ಎರಡು ಗುಂಪುಗಳಾಗಿ ಮಾಡಿದ್ದೆ. ಒಂದು ಗುಂಪಿನವರ ಔಷಧಗಳನ್ನು ವಿಡಿಯೊ ಕರೆಯಲ್ಲಿ ನಾನೇ ಪರಿಶೀಲಿಸುತ್ತಿದ್ದೆ. ಇನ್ನೊಂದು ಗುಂಪಿನವರು ಎಂದಿನಂತೆ ಹೊರರೋಗಿ ವಿಭಾಗಕ್ಕೆ ಬಂದು ಹೋಗುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ‘ಮೆಡಿಕೇಶನ್ ವಿದೌಟ್ ಹಾರ್ಮ್’ ಅಭಿಯಾನವನ್ನು ಆರಂಭಿಸಿದಾಗ ಹೆಚ್ಚು ಅಪಾಯದ ಸಂದರ್ಭಗಳು, ಬಹು ಔಷಧ ಸೇವನೆ, ಚಿಕಿತ್ಸೆಯ ಸ್ಥಳ ಬದಲಾಗುವ ಹಂತ ಎಂಬ ಮೂರಕ್ಕೆ ಆದ್ಯತೆ ಕೊಟ್ಟಿತ್ತು. ನನ್ನ ವಿಷಯ ಮೂರನ್ನೂ ಮುಟ್ಟುತ್ತಿದ್ದುದರಿಂದ ಪ್ರಸ್ತಾವಕ್ಕೆ ಯಾರೂ ತಕರಾರು ಎತ್ತಲಿಲ್ಲ.

ವಿಡಿಯೊದಲ್ಲಿ ಕಂಡದ್ದು ಬಹಳ. ವೈದ್ಯರು ನಿಲ್ಲಿಸಲು ಹೇಳಿದ್ದ ಮಾತ್ರೆಯನ್ನು ಮುಂದುವರಿಸಿದವರಿದ್ದರು. ಒಂದೇ ಔಷಧವನ್ನು ಎರಡು ಬ್ರ್ಯಾಂಡ್ ಹೆಸರುಗಳಲ್ಲಿ ನುಂಗುತ್ತಿದ್ದವರಿದ್ದರು. ವಾರಕ್ಕೊಮ್ಮೆ ತೆಗೆದುಕೊಳ್ಳಬೇಕಾದ ಮೆಥೊಟ್ರೆಕ್ಸೇಟನ್ನು ನಿತ್ಯದ ಮಾತ್ರೆಗಳ ಜೊತೆಗೆ ಜೋಡಿಸಿಟ್ಟವರೂ ಇದ್ದರು. ಆ ಮಾತ್ರೆಯನ್ನು ದಿನವೂ ನುಂಗಿದರೆ ಅಸ್ಥಿಮಜ್ಜೆ ಕುಗ್ಗಿ ಪ್ರಾಣಕ್ಕೇ ಕುತ್ತು ಬರಬಹುದು. ಇವೆಲ್ಲವನ್ನೂ ನಾನು ಶ್ರದ್ಧೆಯಿಂದ ದಾಖಲಿಸಿದೆ. ಇನ್ನೊಂದು ಗುಂಪಿನಲ್ಲಿ ನನಗೆ ಸಿಕ್ಕದ್ದು ವೈದ್ಯರೋ ನರ್ಸುಗಳೋ ಗಮನಿಸಿ ಕೇಸ್ ಶೀಟಿನಲ್ಲಿ ಬರೆದಿಟ್ಟದ್ದು ಮಾತ್ರ. ಕೊನೆಗೆ ಲೆಕ್ಕ ಹಾಕಿದಾಗ ವಿಡಿಯೊ ಗುಂಪಿನಲ್ಲಿಯೇ ದೋಷಗಳು ಹಲವು ಪಟ್ಟು ಹೆಚ್ಚಾಗಿದ್ದವು. ದೀಪವಿಟ್ಟ ಕೋಣೆಯ ಕಸವನ್ನು ಎಣಿಸಿ, ಕತ್ತಲೆಯ ಕೋಣೆಯೇ ಚೊಕ್ಕಟವಾಗಿದೆ ಎಂದು ತೀರ್ಪು ಕೊಟ್ಟಂತಾಗಿತ್ತು.

ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಏಕೆಂದರೆ ಓದುವಾಗ ಸುಲಭವೆನಿಸುವ ಈ ಸಂಗತಿ ವಿನ್ಯಾಸ ಮಾಡುವಾಗ ಕೈತಪ್ಪುತ್ತದೆ. ಔಷಧ ದೋಷವು ರಕ್ತದೊತ್ತಡದ ಹಾಗೆ ಎರಡೂ ಗುಂಪುಗಳಲ್ಲಿ ಒಂದೇ ಉಪಕರಣಕ್ಕೆ ಸಿಗುವ ಅಳತೆಯಲ್ಲ. ಹುಡುಕಿದವರಿಗೆ ಮಾತ್ರ ಅದು ಕಾಣುತ್ತದೆ. ನನ್ನ ಅಧ್ಯಯನದಲ್ಲಿ ಚಿಕಿತ್ಸೆಯೂ ಹುಡುಕಾಟವೇ, ಅಳತೆಯೂ ಹುಡುಕಾಟವೇ ಆಗಿತ್ತು, ಮತ್ತು ಎರಡನ್ನೂ ಒಂದೇ ಗುಂಪಿಗೆ ಕೊಟ್ಟಿದ್ದೆ. ಸಂಖ್ಯಾಶಾಸ್ತ್ರಜ್ಞರ ಬಳಿ ಓಡಿದೆ. ಕಳೆದುಹೋದ ಅಂಕಿಅಂಶಗಳಿಗಾದರೆ ಅಂದಾಜಿನ ವಿಧಾನಗಳಿವೆ, ಯಾರೂ ನೋಡದೆ ಬಿಟ್ಟದ್ದಕ್ಕೆ ಏನೂ ಇಲ್ಲ ಎಂದು ಅವರು ನೇರವಾಗಿ ಹೇಳಿದರು. ತೀವ್ರತೆಯ ವರ್ಗೀಕರಣದಲ್ಲಿಯೂ ಇದೇ ಅಸಡ್ಡೆ ನುಸುಳಿತ್ತು. ಎನ್‌ಸಿಸಿ ಮೆರ್ಪ್ ಎಂಬ, ಔಷಧ ದೋಷಗಳನ್ನು ತೀವ್ರತೆಯ ಪ್ರಕಾರ ವಿಂಗಡಿಸುವ ಸೂಚ್ಯಂಕವು ದೋಷಕ್ಕೆ ಎಡೆಮಾಡಬಹುದಾದ ಸನ್ನಿವೇಶವನ್ನು ‘ಎ’ ಎಂದೂ ಸಾವಿಗೆ ಕಾರಣವಾಗಿರಬಹುದಾದ ದೋಷವನ್ನು ‘ಐ’ ಎಂದೂ ಗುರುತಿಸುತ್ತದೆ. ನಿಜವಾದ ಹಾನಿ ಆರಂಭವಾಗುವುದು ‘ಇ’ಯಿಂದ. ನಾನು ಎಲ್ಲವನ್ನೂ ಕೂಡಿಸಿ ಒಂದೇ ಮೊತ್ತ ಮಾಡಿದ್ದೆ, ಅದೂ ರೋಗಿ ಯಾವ ಗುಂಪಿನವರೆಂದು ತಿಳಿದುಕೊಂಡೇ. ಹೋಲಿಕೆಯ ಅಧ್ಯಾಯವನ್ನು ಸಂಪೂರ್ಣವಾಗಿ ಕೈಬಿಟ್ಟು, ಉಳಿದದ್ದನ್ನು ಒಂದು ಗುಂಪಿನ ವಿವರಣಾತ್ಮಕ ಅಧ್ಯಯನವಾಗಿ ಮತ್ತೆ ಬರೆಯಬೇಕಾಯಿತು. ಪದವಿ ಸಿಕ್ಕಿತು, ತಡವಾಗಿ.

ಆದ್ದರಿಂದ ಎರಡೂ ಗುಂಪುಗಳ ರೋಗಿಗಳನ್ನು ಬಿಡುಗಡೆಯ ನಂತರ ಒಂದೇ ಅವಧಿಗೆ, ಗುಂಪು ಯಾವುದೆಂದು ತಿಳಿಯದ ಒಬ್ಬರೇ ವ್ಯಕ್ತಿ, ಒಂದೇ ನಮೂನೆಯಲ್ಲಿ ಪ್ರಶ್ನಿಸಲಿ. ರೋಗಿಯ ಮಾತನ್ನಷ್ಟೇ ನಂಬದೆ ಬಿಡುಗಡೆ ಪತ್ರದಂತಹ ಇನ್ನೊಂದು ಮೂಲದೊಂದಿಗೆ ತಾಳೆ ನೋಡಲಿ. ಆ ದಿನದವರೆಗೂ ಸರಿಪಡಿಸದೆ ಉಳಿದ, ಹಾನಿ ಮಾಡಬಲ್ಲ, ಬರೆದುಕೊಟ್ಟ ಔಷಧಕ್ಕೂ ರೋಗಿ ಸೇವಿಸುತ್ತಿರುವುದಕ್ಕೂ ನಡುವಣ ಉದ್ದೇಶಪೂರ್ವಕವಲ್ಲದ ವ್ಯತ್ಯಾಸಗಳೇ ನಿಮ್ಮ ಮುಖ್ಯ ಫಲಿತಾಂಶವಾಗಲಿ. ವಿಡಿಯೊ ನಡುವೆ ಕಂಡುಹಿಡಿದು ತಿದ್ದಿದವು ಕೆಲಸ ನಡೆದದ್ದರ ಲೆಕ್ಕ, ಅವುಗಳನ್ನು ಬೇರೆಯಾಗಿಯೇ ಇಡಿ. ಪ್ರಶ್ನಿಸುವುದರಿಂದಲೇ ಎರಡನೆಯ ಗುಂಪಿನ ನಡವಳಿಕೆ ಬದಲಾದೀತು ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕಾಗಿ ಕೊನೆಯಲ್ಲಿ ಒಂದೇ ಸಲ ಕೇಳಿ. ಅಪಾಯ ಕಂಡ ಕೂಡಲೇ ವೈದ್ಯರಿಗೆ ತಿಳಿಸುವ ಕ್ರಮವನ್ನು ಎಥಿಕ್ಸ್ ಕಮಿಟಿಯ ಅರ್ಜಿಯಲ್ಲಿಯೇ ಬರೆಯಿರಿ.

ವಿಡಿಯೊ, ಆ್ಯಪ್‌ಗಳ ವಿಚಾರವಾಗಿ ನನ್ನ ಅಭಿಪ್ರಾಯ ಚಿಕ್ಕದು. ಇನ್ಹೇಲರ್ ಅಥವಾ ಇನ್ಸುಲಿನ್ ಪೆನ್ ಬಳಸುವ ರೀತಿಯನ್ನು ನೋಡಬೇಕಾದರೆ ವಿಡಿಯೊ ಬೇಕು. ಎಷ್ಟೋ ಕೆಲಸಕ್ಕೆ ಸಾಮಾನ್ಯ ಫೋನ್ ಕರೆ ಸಾಕು. ಯಾವ ಕ್ಯಾಮೆರಾವೂ ತೋರಿಸದ ಸಂಗತಿಗಳ ಬಗ್ಗೆ ಹೆಚ್ಚು ಯೋಚಿಸಿ. ಮೂತ್ರಪಿಂಡದ ಸೋಸುವ ಪ್ರಮಾಣ, ಅಂದರೆ ಇಜಿಎಫ್‌ಆರ್, 30ಕ್ಕಿಂತ ಕೆಳಗಿಳಿದವರಿಗೆ ಮಧುಮೇಹದ ಔಷಧವಾದ ಮೆಟ್‌ಫಾರ್ಮಿನ್ ಕೊಡಬಾರದು, ಆದರೆ ಇತ್ತೀಚಿನ ಕ್ರಿಯಾಟಿನಿನ್ ರಕ್ತಪರೀಕ್ಷೆಯ ವರದಿ ಇಲ್ಲದೆ ಅದು ನಿಮಗೆ ಗೊತ್ತಾಗುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಸೇವಿಸುವವರ ಹೆಪ್ಪುಗಟ್ಟುವಿಕೆಯ ಅಳತೆಯಾದ ಐಎನ್‌ಆರ್ ಕೂಡ ಹಾಗೆಯೇ. ಅಂತಹ ಕಡೆ ‘ದೋಷವಿಲ್ಲ’ ಎಂದು ಗುರುತು ಹಾಕಬೇಡಿ. ‘ನಿರ್ಧರಿಸಲಾಗದು’ ಎಂಬ ಪ್ರತ್ಯೇಕ ಕಾಲಂ ಇರಲಿ. ನಾರಂಜೊ ಮಾಪಕವನ್ನೂ ಎಚ್ಚರದಿಂದ ಬಳಸಿ. 1981ರ ಆ ಹತ್ತು ಪ್ರಶ್ನೆಗಳು ಔಷಧದ ಪ್ರತಿಕೂಲ ಪರಿಣಾಮಕ್ಕೆ ಕಾರಣ ಹುಡುಕಲು ಇವೆ, ದೋಷಗಳನ್ನು ಅಳೆಯಲು ಅಲ್ಲ (ವಿದ್ಯಾರ್ಥಿಗಳು ಇದನ್ನು ಎಲ್ಲದಕ್ಕೂ ಹಚ್ಚುತ್ತಾರೆ). ರಕ್ತದಲ್ಲಿನ ಔಷಧದ ಮಟ್ಟ, ಮತ್ತೆ ಕೊಟ್ಟಾಗ ಏನಾಯಿತು ಎಂಬಂತಹ ಪ್ರಶ್ನೆಗಳಿಗೆ ದೂರದಿಂದ ‘ಗೊತ್ತಿಲ್ಲ’ ಎಂಬ ಉತ್ತರವೇ ಬರುತ್ತದೆ, ಅದಕ್ಕೆ ಅಂಕ ಸೊನ್ನೆ, ಹೀಗಾಗಿ ಒಟ್ಟು ಅಂಕ ಕೆಳಕ್ಕೇ ವಾಲುತ್ತದೆ.

ಆ್ಯಪ್ ಮಾಡಿಸಲು ಹಣ ಮೀಸಲಿಟ್ಟಿದ್ದರೆ ಅದನ್ನು ಗುಂಪಿನ ಮಾಹಿತಿಯಿಲ್ಲದೆ ಪ್ರತ್ಯೇಕವಾಗಿ ತೀವ್ರತೆ ನಿರ್ಧರಿಸುವ ಇಬ್ಬರು ಮೌಲ್ಯಮಾಪಕರ ಗೌರವಧನಕ್ಕೆ ತಿರುಗಿಸಿ, ಅವರ ನಡುವಣ ಒಮ್ಮತವನ್ನು ಕಪ್ಪಾ ಮೌಲ್ಯದಲ್ಲಿ (ಆಕಸ್ಮಿಕ ಹೊಂದಿಕೆಯನ್ನು ಕಳೆದು ಒಮ್ಮತವನ್ನು ಅಳೆಯುವ ಸಂಖ್ಯೆ) ವರದಿ ಮಾಡಿ. ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುನ್ನವೇ ಈ ಏರ್ಪಾಡು ಆಗಿರಬೇಕು.