ಕಾನ್ ಗೆದ್ದ ಜ್ಯಾಕ್ಲಿನ್ ಹೋಸೆ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: 2024ರಲ್ಲಿ ನಮ್ಮ ಅನಸೂಯಾ ಸೇನ್‌ಗುಪ್ತಾ ಕಾನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟಿ ಆದರು. 2016ರಲ್ಲಿ ಫಿಲಿಪೀನ್ಸ್‌ನ ಜ್ಯಾಕ್ಲಿನ್ ಹೋಸೆ ಕೂಡ ಅದೇ ಪ್ರಶಸ್ತಿ ಪಡೆದಿದ್ದರು ಅಂತ ಓದಿದೆ. ಎರಡೂ ಒಂದೇನಾ? (ಓದುಗರೊಬ್ಬರು, ಧಾರವಾಡ)

ಒಂದೇ ಅಲ್ಲ. ಉತ್ಸವ ಒಂದೇ, ವಿಭಾಗ ಬೇರೆ. ಕಾನ್‌ನಲ್ಲಿ ಮುಖ್ಯ ಸ್ಪರ್ಧೆ ಅಂತ ಒಂದಿದೆ. ಉತ್ಸವದ ಅತಿ ದೊಡ್ಡ ಪ್ರಶಸ್ತಿಯಾದ ಪಾಮ್ ಡಿ'ಓರ್ ಕೊಡುವುದು ಅಲ್ಲಿ. ಅದರ ಜೊತೆಗೇ 'ಅನ್ ಸರ್ಟನ್ ರಿಗಾರ್ಡ್' ಅನ್ನುವ ಇನ್ನೊಂದು ವಿಭಾಗ ನಡೆಯುತ್ತದೆ. ಅದಕ್ಕೆ ಬೇರೆಯೇ ತೀರ್ಪುಗಾರರು, ಬೇರೆಯೇ ಪ್ರಶಸ್ತಿಗಳು. ಅನಸೂಯಾ ಗೆದ್ದದ್ದು ಈ ಎರಡನೆಯದರಲ್ಲಿ, 'ದಿ ಶೇಮ್‌ಲೆಸ್' ಚಿತ್ರಕ್ಕಾಗಿ. ಅದೇನೂ ಸಣ್ಣ ಗೌರವ ಅಲ್ಲ.

ಜ್ಯಾಕ್ಲಿನ್ ಹೋಸೆ ಗೆದ್ದದ್ದು ಮುಖ್ಯ ಸ್ಪರ್ಧೆಯಲ್ಲಿ. ಚಿತ್ರ 'ಮಾ ರೋಸಾ', ನಿರ್ದೇಶಕ ಬ್ರಿಯಾಂಟೆ ಮೆಂಡೋಜಾ. ಆ ವರ್ಷ ತೀರ್ಪುಗಾರರ ಮಂಡಳಿಗೆ 'ಮ್ಯಾಡ್ ಮ್ಯಾಕ್ಸ್' ಚಿತ್ರಗಳ ನಿರ್ದೇಶಕ ಜಾರ್ಜ್ ಮಿಲ್ಲರ್ ಅಧ್ಯಕ್ಷರಾಗಿದ್ದರು. ಎದುರಿಗೆ ಯಾರ್‍ಯಾರಿದ್ದರು ನೋಡಿ: ಫ್ರಾನ್ಸ್‌ನ ಇಸಾಬೆಲ್ ಯುಪೇರ್, ಬ್ರೆಜಿಲ್‌ನ ಸೋನಿಯಾ ಬ್ರಾಗಾ, ಜರ್ಮನಿಯ ಸಾಂಡ್ರಾ ಹ್ಯೂಲರ್. ಆ ಸಾಲಿನಲ್ಲಿ ಜ್ಯಾಕ್ಲಿನ್ ಗೆಲ್ಲುತ್ತಾರೆ ಅಂತ ಅಂದುಕೊಂಡವರು ಕಡಿಮೆ. ಅವರ ಹೆಸರು ಕರೆದಾಗ ಅವರಿಗೇ ನಂಬಿಕೆ ಬಂದಂತಿರಲಿಲ್ಲ. ಚಿತ್ರದಲ್ಲೂ ಮಗಳಾಗಿ ನಟಿಸಿದ್ದ ಸ್ವಂತ ಮಗಳು ಆಂಡಿ ಐಗೆನ್‌ಮನ್ ಜೊತೆ ವೇದಿಕೆ ಹತ್ತಿದರು.

ಏಷ್ಯಾಕ್ಕೆ ಈ ಪ್ರಶಸ್ತಿ ಮೊದಲು ಬಂದದ್ದು 2004ರಲ್ಲಿ, ಹಾಂಗ್‌ಕಾಂಗ್‌ನ ಮ್ಯಾಗಿ ಚೆಯುಂಗ್‌ಗೆ. 2007ರಲ್ಲಿ ಕೊರಿಯಾದ ಜಿಯೋನ್ ಡೋ ಯಿಯೋನ್. ಫಿಲಿಪೀನ್ಸ್‌ಗೆ ಮಾತ್ರ ಅಲ್ಲ, ಇಡೀ ಆಗ್ನೇಯ ಏಷ್ಯಾಕ್ಕೇ ಜ್ಯಾಕ್ಲಿನ್ ಮೊದಲಿಗರು.

ಪ್ರಶ್ನೆ: 'ಮಾ ರೋಸಾ' ನೋಡಿದೆ. ನಿಜ ಹೇಳಬೇಕು ಅಂದ್ರೆ ನಿರಾಸೆ ಆಯ್ತು. ಆಕೆ ಅಳುವುದಿಲ್ಲ, ಕೂಗುವುದಿಲ್ಲ, ಇಡೀ ಚಿತ್ರದಲ್ಲಿ ಮುಖ ಒಂದೇ ಥರ ಇದೆ. ಇದಕ್ಕೆ ಯಾಕೆ ಪ್ರಶಸ್ತಿ? (ಓದುಗರೊಬ್ಬರು, ಮೈಸೂರು)

ನೀವು ನೋಡಿದ್ದು ಸರಿಯಾಗಿಯೇ ಇದೆ. ಆ 'ಒಂದೇ ಥರ'ದ ಒಳಗೇ ಕೆಲಸ ನಡೆದಿದೆ ಅನ್ನುವುದು ನನ್ನ ಮಾತು. ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಚಿತ್ರ ಶುರುವಾಗುವುದು ಒಂದು ಸೂಪರ್ ಮಾರ್ಕೆಟ್‌ನಲ್ಲಿ. ರೋಸಾ ತನ್ನ ಅಂಗಡಿಗೆ ಸಾಮಾನು ಕೊಳ್ಳಲು ಬಂದಿದ್ದಾಳೆ. ಕೌಂಟರ್‌ನ ಹುಡುಗಿ ಚಿಲ್ಲರೆ ಇಲ್ಲ ಅಂತ ಮಿಠಾಯಿ ಕೊಡುತ್ತಾಳೆ. ನಮಗೂ ಹೀಗೆ ಚಾಕ್ಲೇಟ್ ಕೊಟ್ಟು ಕಳಿಸುತ್ತಾರೆ, ಅಲ್ವಾ? ರೋಸಾ ಬಿಡುವುದಿಲ್ಲ, ತನ್ನ ಚಿಲ್ಲರೆ ಕೇಳುತ್ತಾಳೆ. ಈಗ ಜ್ಯಾಕ್ಲಿನ್ ಅದನ್ನು ಹೇಗೆ ಕೇಳುತ್ತಾರೆ ಅಂತ ಗಮನಿಸಿ. ಜಗಳದ ದನಿ ಇಲ್ಲ. ಬೇಡುವ ದನಿಯೂ ಇಲ್ಲ. ದಿನಕ್ಕೆ ಹತ್ತು ಸಲ ಹೀಗೆ ಕೇಳಿ ಕೇಳಿ ರೂಢಿಯಾದವರ ದನಿ ಅದು. ಈ ಹೆಂಗಸು ಚಿಲ್ಲರೆ ಕಾಸನ್ನೂ ಎಣಿಸಿ ಬದುಕುತ್ತಾಳೆ ಅಂತ ನಮಗೆ ಗೊತ್ತಾಗಲು ಅಷ್ಟು ಸಾಕು. ಮುಂದೆ ಅವಳಿಗೆ ಬರುವ ಕಷ್ಟ ಎಷ್ಟು ದೊಡ್ಡದು ಅನ್ನುವುದಕ್ಕೆ ಅಳತೆಗೋಲು ಇಲ್ಲೇ ಸಿಕ್ಕಿಬಿಡುತ್ತದೆ.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಮನಿಲಾದ ಒಂದು ಕೊಳೆಗೇರಿಯಲ್ಲಿ ರೋಸಾ ಮತ್ತು ಗಂಡ ನೆಸ್ಟರ್ ಸಣ್ಣ ಅಂಗಡಿ ನಡೆಸುತ್ತಾರೆ. ಇಂಥ ಅಂಗಡಿಗೆ ಅಲ್ಲಿ ಸಾರಿ ಸಾರಿ ಅನ್ನುತ್ತಾರೆ. ನೂಡಲ್ಸ್, ಸಿಗರೇಟು, ಸೋಪು ಎಲ್ಲ ಬಿಡಿಬಿಡಿಯಾಗಿ ಸಿಗುತ್ತದೆ. ಅದರಲ್ಲಿ ಹೊಟ್ಟೆ ತುಂಬುವುದಿಲ್ಲ ಅಂತ ಕದ್ದು ಮುಚ್ಚಿ ಶಾಬು ಎಂಬ ಮಾದಕ ವಸ್ತುವನ್ನೂ ಮಾರುತ್ತಾರೆ. ಒಂದು ರಾತ್ರಿ ಪೊಲೀಸರು ನುಗ್ಗಿ ಇಬ್ಬರನ್ನೂ ಹಿಡಿದುಕೊಂಡು ಹೋಗುತ್ತಾರೆ. ಕೇಸು ಹಾಕಬಾರದು ಅಂದರೆ ದುಡ್ಡು ತನ್ನಿ ಅನ್ನುತ್ತಾರೆ. ಚೌಕಾಸಿ ನಡೆದು ಕೊನೆಗೆ 50,000 ಪೆಸೊ ಹೊಂದಿಸುವ ಹೊಣೆ ಮಕ್ಕಳ ತಲೆಗೆ ಬೀಳುತ್ತದೆ. ಒಬ್ಬ ಮನೆಯ ಟಿವಿ ಮಾರಲು ಓಡುತ್ತಾನೆ. ಮಗಳು ನೆಂಟರ ಮನೆ ಬಾಗಿಲು ತಟ್ಟುತ್ತಾಳೆ. ಇನ್ನೊಬ್ಬ ಮಗ ತನ್ನ ದೇಹವನ್ನೇ ಮಾರುತ್ತಾನೆ.

ಇಂಥ ಕಥೆ ಕೊಟ್ಟರೆ ಬಹಳ ನಟಿಯರು ಠಾಣೆಯಲ್ಲಿ ಕಾಲಿಗೆ ಬಿದ್ದು ಗೋಳಾಡುತ್ತಾರೆ. ಜ್ಯಾಕ್ಲಿನ್ ಗೋಳಾಡುವುದಿಲ್ಲ. ಯಾಕೆ ಅಂದರೆ ರೋಸಾಗೆ ಅದಕ್ಕೆ ಪುರುಸೊತ್ತಿಲ್ಲ. ಯಾರಿಗೆ ಎಷ್ಟು ಕೊಟ್ಟರೆ ಎಷ್ಟು ಉಳಿಯುತ್ತದೆ, ಯಾರ ಹೆಸರು ಹೇಳಿದರೆ ತಾವು ಪಾರಾಗಬಹುದು, ಇದೇ ಲೆಕ್ಕ ಅವಳ ತಲೆಯಲ್ಲಿ ಓಡುತ್ತಿರುತ್ತದೆ. ಅದನ್ನು ನೀವು ಅವರ ಕಣ್ಣಲ್ಲಿ ನೋಡಬಹುದು. ಇನ್ನೊಂದು ಮಾತು. ರೋಸಾ ಅಮಾಯಕಳಲ್ಲ, ತಪ್ಪು ಮಾಡಿದವಳು. ಅತ್ತು ನಮ್ಮ ಕನಿಕರ ಗಿಟ್ಟಿಸಿದ್ದರೆ ಆ ತಪ್ಪು ಮರೆತೇ ಹೋಗುತ್ತಿತ್ತು. ಜ್ಯಾಕ್ಲಿನ್ ಅದನ್ನು ಮರೆಯಲು ಬಿಡುವುದಿಲ್ಲ. ಇದು ದೊಡ್ಡ ಧೈರ್ಯ ಅಂತ ನಾನು ತಿಳಿದಿದ್ದೇನೆ.

ಇನ್ನು ಕೊನೆಯ ದೃಶ್ಯ. ರೋಸಾ ಠಾಣೆಯಿಂದ ಹೊರಗೆ ಬೀದಿಗೆ ಬಂದಿದ್ದಾಳೆ. ಹಸಿವು. ತಳ್ಳುಗಾಡಿಯವನ ಹತ್ತಿರ ಕಡ್ಡಿಗೆ ಚುಚ್ಚಿದ ಮೀನಿನ ಉಂಡೆ ಕೊಂಡು ತಿನ್ನುತ್ತಾಳೆ. ಎದುರಿಗೆ ಇನ್ನೊಂದು ಸಂಸಾರ ತಮ್ಮ ಅಂಗಡಿ ಮುಚ್ಚಿ ಸಾಮಾನು ಕಟ್ಟುತ್ತಿದೆ. ರೋಸಾ ನೋಡುತ್ತಾಳೆ. ಬಾಯಿ ಅಗಿಯುತ್ತಲೇ ಇದೆ. ಕಣ್ಣು ತುಂಬಿಕೊಳ್ಳುತ್ತದೆ, ಅಗಿಯುವುದು ನಿಲ್ಲುವುದಿಲ್ಲ. ಅಳುವುದಿಲ್ಲ ಅಂದಿರಲ್ಲ, ಇಲ್ಲಿ ಅಳುತ್ತಾಳೆ. ಅದೂ ಯಾರೂ ನೋಡದ ಕಡೆ, ತಿಂಡಿ ಗಂಟಲಲ್ಲಿ ಸಿಕ್ಕಿರುವಾಗ. ಸಾಧ್ಯವಾದರೆ ಆ ಕೊನೆಯ ಹತ್ತು ನಿಮಿಷ ಇನ್ನೊಮ್ಮೆ ನೋಡಿ.

ಮೆಂಡೋಜಾ ಕೆಲಸ ಮಾಡುವ ರೀತಿಯೂ ಇದಕ್ಕೆ ಕಾರಣ. ನಟರ ಕೈಗೆ ಪೂರ್ತಿ ಚಿತ್ರಕಥೆ ಕೊಡುವುದಿಲ್ಲ. ಸನ್ನಿವೇಶ ಹೇಳಿ ನಿಜವಾದ ಗಲ್ಲಿಗೆ, ನಿಜವಾದ ಜನಜಂಗುಳಿಗೆ ಇಳಿಸುತ್ತಾರೆ. ಕ್ಯಾಮೆರಾ ಹೆಗಲ ಮೇಲೆ ಹಿಂದೆ ಹಿಂದೆಯೇ ಬರುತ್ತದೆ. ಮುಖಕ್ಕೆ ಅಂತ ಬೆಳಕಿಲ್ಲ, 'ಈಗ ನಿಮ್ಮ ಕ್ಲೋಸಪ್' ಅಂತ ಯಾರೂ ಹೇಳುವುದಿಲ್ಲ. ಅಲ್ಲಿ ಸ್ವಲ್ಪ ಜಾಸ್ತಿ ನಟಿಸಿದರೂ ತಕ್ಷಣ ಎದ್ದು ಕಾಣುತ್ತದೆ.

ಚಿತ್ರ ಬಂದ ಹೊತ್ತು ಕೂಡ ನೆನಪಿರಲಿ. 2016ರ ಮೇ 9ರಂದು ಫಿಲಿಪೀನ್ಸ್‌ನಲ್ಲಿ ಅಧ್ಯಕ್ಷರ ಚುನಾವಣೆ ನಡೆದು ರೊಡ್ರಿಗೋ ಡುಟರ್ಟೆ ಗೆದ್ದರು. ಜೂನ್ 30ಕ್ಕೆ ಅಧಿಕಾರ ವಹಿಸಿಕೊಂಡರು. ಮಾದಕ ವಸ್ತುವಿನ ವಿರುದ್ಧದ ಅವರ ಕಾರ್ಯಾಚರಣೆಯಲ್ಲಿ ಸಾವಿರಾರು ಜನ ಸತ್ತರು. ಬಹುಪಾಲು ರೋಸಾಳಂಥ ಗಲ್ಲಿಗಳ ಬಡವರು. ಕಾನ್‌ನಲ್ಲಿ ಪ್ರಶಸ್ತಿ ಬಂದದ್ದು ಮೇ 22ಕ್ಕೆ, ಚುನಾವಣೆ ಮುಗಿದು ಎರಡು ವಾರವೂ ಆಗಿರಲಿಲ್ಲ.

ಪ್ರಶ್ನೆ: ಐವತ್ತು ದಾಟಿದ ಮೇಲೆ ಇಷ್ಟು ದೊಡ್ಡ ಹೆಸರು ಬಂತಲ್ಲ, ಅದಕ್ಕೂ ಮೊದಲು ಏನು ಮಾಡುತ್ತಿದ್ದರು? ಸ್ವಂತ ದೇಶದಲ್ಲಿ ಗುರುತಿಸಿರಲಿಲ್ಲವಾ? (ಓದುಗರೊಬ್ಬರು, ಶಿವಮೊಗ್ಗ)

ಗುರುತಿಸಿದ್ದರು, ಅದೂ ಚಿಕ್ಕ ವಯಸ್ಸಿನಲ್ಲೇ. ಅವರ ನಿಜ ಹೆಸರು ಮೇರಿ ಜೇನ್ ಗಕ್. ತಾಯಿ ಫಿಲಿಪೀನ್ಸ್‌ನವರು, ತಂದೆ ಅಮೆರಿಕದವರು. ಒಡಹುಟ್ಟಿದ ವೆರೋನಿಕಾ ಜೋನ್ಸ್ ಕೂಡ ನಟಿ. ಜ್ಯಾಕ್ಲಿನ್ ಚಿತ್ರರಂಗಕ್ಕೆ ಬಂದದ್ದು 1984ರಲ್ಲಿ. ಅದು ಸರ್ವಾಧಿಕಾರಿ ಫರ್ಡಿನಾಂಡ್ ಮಾರ್ಕೋಸ್ ಆಡಳಿತದ ಕೊನೆಗಾಲ. ದೇಶದ ಹಣಕಾಸು ಕುಸಿದಿತ್ತು. 'ಬೋಲ್ಡ್' ಅನ್ನುವ ಬಿಚ್ಚುಮೈಯ ಚಿತ್ರಗಳು ಸಾಲುಸಾಲಾಗಿ ಬರುತ್ತಿದ್ದವು. ಹೊಸ ಹುಡುಗಿಯರಿಗೆ ಸಿಗುತ್ತಿದ್ದದ್ದು ಬಹುತೇಕ ಅಂಥ ಪಾತ್ರಗಳೇ. ಜ್ಯಾಕ್ಲಿನ್ ಕೂಡ ಅಲ್ಲಿಂದಲೇ ಶುರು ಮಾಡಿದರು.

ಆದರೆ ಆ ಚಿತ್ರಗಳ ನಡುವೆಯೇ ಲಿನೋ ಬ್ರೋಕಾ, ಚಿಟೋ ರೋನ್ಯೋ ಅವರಂಥ ಗಟ್ಟಿ ನಿರ್ದೇಶಕರೂ ಕೆಲಸ ಮಾಡುತ್ತಿದ್ದರು. ಬಡತನ, ಅಧಿಕಾರದ ದರ್ಪ, ಹೆಣ್ಣಿನ ಮಾರಾಟ ಇವನ್ನೆಲ್ಲ ಆ ಚಿತ್ರಗಳ ಒಳಗೇ ಹೇಳುತ್ತಿದ್ದರು. ಅಂಥವರ ಕೈಗೆ ಸಿಕ್ಕಿದ್ದು ಜ್ಯಾಕ್ಲಿನ್ ಪುಣ್ಯ. 1986ರ 'ತಾಕಾವ್ ತುಕ್ಸೋ', 1988ರ 'ಇತಾನೊಂಗ್ ಮೋ ಸಾ ಬುವಾನ್' ಎರಡಕ್ಕೂ ಅವರಿಗೆ ಗವಾದ್ ಉರಿಯಾನ್ ಅತ್ಯುತ್ತಮ ನಟಿ ಪ್ರಶಸ್ತಿ ಬಂತು. ಇದನ್ನು ಕೊಡುವುದು ಚಿತ್ರ ವಿಮರ್ಶಕರ ಕೂಟ. ಫಿಲಿಪೀನ್ಸ್‌ನಲ್ಲಿ ಇನ್ನೂ ಬೇಕಾದಷ್ಟು ಪ್ರಶಸ್ತಿಗಳಿವೆ. 1952ರಲ್ಲಿ ಶುರುವಾದ ಫಾಮಾಸ್ ಹಳೆಯದು. ಲೂನಾ ಚಿತ್ರರಂಗದವರೇ ಕೊಡುವಂಥದ್ದು. ಸ್ಟಾರ್ ಅವಾರ್ಡ್ಸ್ ಸಿನಿಮಾ ಪತ್ರಕರ್ತರದ್ದು. ಆದರೂ ನಟನೆಯ ಮಾತು ಬಂದಾಗ ಉರಿಯಾನ್‌ಗೆ ತೂಕ ಜಾಸ್ತಿ. ಇಪ್ಪತ್ತೈದರ ಆಸುಪಾಸಿನಲ್ಲೇ ಅದನ್ನು ಎರಡು ಸಲ ಗೆದ್ದವರನ್ನು ತಡವಾಗಿ ಬೆಳಕಿಗೆ ಬಂದವರು ಅನ್ನಲಾಗುವುದಿಲ್ಲ.

ಇಲ್ಲಿ ನನಗೆ ತುಂಬ ಇಷ್ಟವಾದ ಒಂದು ಎಳೆ ಇದೆ. ಆ ಎರಡೂ ಚಿತ್ರಗಳನ್ನು ಬರೆದವರು ಅರ್ಮಾಂಡೋ ಲಾವ್. ಇಪ್ಪತ್ತು ವರ್ಷದ ನಂತರ ಇದೇ ಲಾವ್, ಮೆಂಡೋಜಾ ಅವರ 'ಸರ್ಬಿಸ್' ಬರೆದರು. 2008ರಲ್ಲಿ ಅದು ಕಾನ್ ಮುಖ್ಯ ಸ್ಪರ್ಧೆಗೆ ಹೋಯಿತು. ಅದರಲ್ಲೂ ಜ್ಯಾಕ್ಲಿನ್ ಇದ್ದಾರೆ. ಇನ್ನೂ ಒಂದಿದೆ. 'ತಾಕಾವ್ ತುಕ್ಸೋ'ದಲ್ಲಿ ಅವರ ಜೊತೆ ಜೂಲಿಯೋ ಡಿಯಾಜ್ ನಟಿಸಿದ್ದರು. 'ಸರ್ಬಿಸ್'ನಲ್ಲಿ ಅವರೇ ಗಂಡ. 'ಮಾ ರೋಸಾ'ದಲ್ಲೂ ಗಂಡ ನೆಸ್ಟರ್ ಆಗಿ ಅವರೇ. ಮೂವತ್ತು ವರ್ಷ ಜೊತೆಯಲ್ಲಿ ಕೆಲಸ ಮಾಡಿದ ಇಬ್ಬರು ಒಂದು ಸಣ್ಣ ಅಂಗಡಿಯೊಳಗೆ ಕೂತರೆ ಗಂಡ ಹೆಂಡತಿ ಅಂತ ನಂಬಿಸಲು ಸಂಭಾಷಣೆಯೇ ಬೇಡ. ಕಾನ್‌ನ ಜನಕ್ಕೆ ಜ್ಯಾಕ್ಲಿನ್ ಹೊಸಬರಂತೆ ಕಂಡಿರಬಹುದು. ಮನಿಲಾದವರಿಗೆ ಆ ಗೆಲುವು 1986ರಿಂದಲೂ ಬರಬೇಕಿದ್ದ ಬಾಕಿ.

ಪ್ರಶ್ನೆ: ಕಾನ್ ಗೆದ್ದ ಮೇಲೂ ಟಿವಿ ಧಾರಾವಾಹಿ ಮಾಡಿದರಂತೆ. ಅಂಥ ನಟಿಗೆ ಅದು ಬೇಕಿತ್ತಾ? ಕೇಳಲು ಕಾರಣ ಇದೆ. ನನ್ನ ತಂಗಿ ರಂಗಭೂಮಿಯಲ್ಲಿದ್ದಾಳೆ, ಈಗ ಧಾರಾವಾಹಿಯಿಂದ ಕರೆ ಬಂದಿದೆ. ಹೋದರೆ ನಟನೆ ಕೆಡುತ್ತದೆ ಅಂತ ಎಲ್ಲರೂ ಹೆದರಿಸುತ್ತಿದ್ದಾರೆ. (ಓದುಗರೊಬ್ಬರು, ಬೆಂಗಳೂರು)

ಬೇಕಿತ್ತು. ಮೊದಲನೆಯದಾಗಿ, ಅದು ಅವರ ಹೊಟ್ಟೆಪಾಡು. ಫಿಲಿಪೀನ್ಸ್‌ನಲ್ಲಿ ಉತ್ಸವಗಳಿಗೆ ಹೋಗುವ ಚಿತ್ರಗಳನ್ನು ತೀರಾ ಕಡಿಮೆ ದುಡ್ಡಿನಲ್ಲಿ ಮಾಡುತ್ತಾರೆ. ಮನೆ ನಡೆಯುವುದು ವಾರದ ಐದು ರಾತ್ರಿ ಬರುವ ಧಾರಾವಾಹಿಯಿಂದ. ಅವುಗಳಿಗೆ ಅಲ್ಲಿ ಟೆಲಿಸೆರ್‍ಯೆ ಅನ್ನುತ್ತಾರೆ. ಜ್ಯಾಕ್ಲಿನ್ ಎಬಿಎಸ್-ಸಿಬಿಎನ್, ಜಿಎಂಎ ಎರಡೂ ದೊಡ್ಡ ವಾಹಿನಿಗಳಲ್ಲಿ ಕೆಲಸ ಮಾಡಿದವರು. 2013ರ 'ಮುಂಡೋ ಮೋಯ್ ಆಕಿನ್' ಧಾರಾವಾಹಿಯ ಖಳನಾಯಕಿ ಆಗಿ ಮನೆಮನೆಗೂ ಗೊತ್ತಾದರು.

ಎರಡನೆಯದು ನಿಮ್ಮ ತಂಗಿಗೆ ಬೇಕಾದದ್ದು. ಅಲ್ಲಿನ ಖಳನಾಯಕಿಯರು ಸಾಮಾನ್ಯವಾಗಿ ಕಣ್ಣರಳಿಸಿ, ದನಿ ಏರಿಸಿ ಅಬ್ಬರಿಸುತ್ತಾರೆ. ನಮ್ಮಲ್ಲೂ ಹಾಗೇ. ಜ್ಯಾಕ್ಲಿನ್ ಮಾತ್ರ ಸಪಾಟು ದನಿಯಲ್ಲಿ, ಏರಿಳಿತವೇ ಇಲ್ಲದಂತೆ ಮಾತಾಡುತ್ತಿದ್ದರು. ಬಯ್ಯುವಾಗಲೂ ಅಷ್ಟೇ, ಹೆದರಿಸುವಾಗಲೂ ಅಷ್ಟೇ. ಆ ದನಿಯನ್ನು ಜನ ಪ್ರೀತಿಯಿಂದ ಅನುಕರಿಸುತ್ತಿದ್ದರು. ಅಂದರೆ ಧಾರಾವಾಹಿ ಅವರನ್ನು ತನ್ನ ದಾರಿಗೆ ಎಳೆದುಕೊಳ್ಳಲಿಲ್ಲ. 'ಮಾ ರೋಸಾ'ದಲ್ಲಿ ಕಾಣುವ ಆ ಹಿಡಿತವನ್ನು ಅವರು ಟಿವಿಯಲ್ಲೂ ಬಿಟ್ಟುಕೊಡಲಿಲ್ಲ.

ಅವರ ಕೊನೆಯ ಕೆಲಸವೂ ಟಿವಿಯದ್ದೇ. 'ಬಟಾಂಗ್ ಕಿಯಾಪೋ'ದಲ್ಲಿ ಜೈಲು ಅಧಿಕಾರಿಯ ಪಾತ್ರ. ಅದರ ನಾಯಕ ಕೋಕೋ ಮಾರ್ಟಿನ್. 2005ರಲ್ಲಿ ಮೆಂಡೋಜಾ ಅವರ ಮೊದಲ ಚಿತ್ರ 'ಮಸಹಿಸ್ತಾ'ದಲ್ಲಿ ಕೋಕೋ ಹೊಸ ಹುಡುಗ. ಆಗ ಜ್ಯಾಕ್ಲಿನ್ ಹಿರಿಯ ನಟಿಯಾಗಿ ಅದೇ ಚಿತ್ರದಲ್ಲಿದ್ದರು. ಆ ಹುಡುಗ ಟಿವಿಯ ದೊಡ್ಡ ತಾರೆಯಾಗಿ ಬೆಳೆದ ಮೇಲೆ ಅವನ ಧಾರಾವಾಹಿಯಲ್ಲಿ ಇವರು ನಟಿಸಿದರು. ಅದು ಪ್ರಸಾರ ಆಗುತ್ತಿರುವಾಗಲೇ, 2024ರ ಮಾರ್ಚ್ 2ರಂದು ಹೃದಯಾಘಾತದಿಂದ ತೀರಿಕೊಂಡರು. ಅರವತ್ತು ವರ್ಷ.

ನಿಮ್ಮ ತಂಗಿ ಖಂಡಿತ ಹೋಗಲಿ. ದಿನಕ್ಕೆ ಹತ್ತು ಹನ್ನೆರಡು ಗಂಟೆ ಕ್ಯಾಮೆರಾ ಮುಂದೆ ನಿಲ್ಲುವ ಅಭ್ಯಾಸ ಬೇರೆಲ್ಲೂ ಸಿಗುವುದಿಲ್ಲ. ಎರಡೇ ಎಚ್ಚರಿಕೆ. ದನಿ ಏರಿಸಿ ಅಂದಾಗಲೆಲ್ಲ ಸುಮ್ನೆ ಏರಿಸುವುದು ಬೇಡ, ಯಾಕೆ ಅಂತ ಕೇಳಲಿ. ಜೊತೆಗೆ ವರ್ಷಕ್ಕೊಂದು ನಾಟಕವಾದರೂ ಕೈಯಲ್ಲಿರಲಿ, ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಅದಕ್ಕೆ ಬೇಕಾದ ದಿನಗಳನ್ನು ಬರೆಸಿಕೊಳ್ಳಲಿ.

ಪ್ರಶ್ನೆ: ಅವರ ಚಿತ್ರಗಳನ್ನು ಎಲ್ಲಿಂದ ಶುರು ಮಾಡಲಿ? ಮನೆಯವರ ಜೊತೆ ನೋಡಬಹುದಾ? (ಓದುಗರೊಬ್ಬರು, ಹಾಸನ)

ಮೊದಲು 'ಮಾ ರೋಸಾ'. ಆಮೇಲೆ ತಕ್ಷಣ 2016ರದ್ದೇ 'ಪತಾಯ್ ನಾ ಸಿ ಹೆಸುಸ್' ನೋಡಿ. ಬಿಟ್ಟುಹೋದ ಗಂಡ ಸತ್ತ ಸುದ್ದಿ ಕೇಳಿ ಹೆಂಡತಿ ಮೂರು ಮಕ್ಕಳನ್ನು ಗಾಡಿಗೆ ಹತ್ತಿಸಿಕೊಂಡು ಸೆಬು ದ್ವೀಪದಿಂದ ಹೊರಡುವ ಕಥೆ. ನಗು ತಡೆಯಲಾಗುವುದಿಲ್ಲ. ಒಂದೇ ವರ್ಷದಲ್ಲಿ ಅದೇ ನಟಿ, ಅದೇ ಸಪಾಟು ದನಿ, ಇಲ್ಲಿ ಮಾತ್ರ ಅದರಿಂದ ನಗು ಹುಟ್ಟುತ್ತದೆ. 'ಸರ್ಬಿಸ್' ಮೂರನೆಯದು. ನೀಲಿ ಚಿತ್ರ ತೋರಿಸುವ ಹಳೇ ಟಾಕೀಸಿನೊಳಗೇ ಸಂಸಾರ ಮಾಡುವ ಕುಟುಂಬದ ಕಥೆ ಅದು, ಮುಚ್ಚುಮರೆ ಇಲ್ಲದ ದೃಶ್ಯಗಳಿವೆ. ಬ್ರೋಕಾ ಅವರ 'ಮಾಚೋ ಡ್ಯಾನ್ಸರ್' ಕೂಡ ಹಾಗೇ. ಈ ಎರಡನ್ನು ಮಕ್ಕಳು ಮಲಗಿದ ಮೇಲೆ ನೋಡಿ.