ಹಳೆಯ ಅಂಬಾಸಿಡರ್‌ನ ಸೈಡ್ ಮಿರರ್ ಎಷ್ಟು ಬಿಗಿ ಮಾಡಿದರೂ ಅಲ್ಲಾಡುತ್ತದೆ, ಹೊಸದು ಹಾಕಿಸಬೇಕಾ?

ನಿಮ್ಮ ತಂದೆಯವರ 1986ರ ಅಂಬಾಸಿಡರ್ ಡೀಸೆಲ್. ಡ್ರೈವರ್ ಬದಿಯ ಹೊರಗನ್ನಡಿ ಅಲ್ಲಾಡುತ್ತದೆ. ಎರಡು ಸಲ ಸ್ಕ್ರೂ ಬಿಗಿ ಮಾಡಿಸಿದರೂ ವಾರದೊಳಗೆ ಮತ್ತೆ ಸಡಿಲ. ಹೊಸ ಕನ್ನಡಿ ತರಬೇಕಾ ಅಂತ ಕೇಳಿದ್ದೀರಿ.

ಸದ್ಯಕ್ಕೆ ತರಬೇಡಿ. ತಂದು ಕೆಟ್ಟವನು ನಾನು. ನನ್ನ 1988ರ ಮಾರ್ಕ್ 4 ಗಾಡಿಗೆ ಎರಡು ವರ್ಷದಲ್ಲಿ ಮೂರು ಕನ್ನಡಿ ಹಾಕಿಸಿದೆ. ಮೂರೂ ಚೆನ್ನಾಗಿಯೇ ಇದ್ದವು. ಹಾಳಾಗಿದ್ದದ್ದು ಬಾಗಿಲಿನ ತಗಡು.

ಅದನ್ನು ಕಂಡುಹಿಡಿದವನು ಮಡ್‌ಗಾರ್ಡ್ ಕೆಲಸಕ್ಕೆ ಬಂದಿದ್ದ ಟಿಂಕರಿಂಗ್ ಹುಡುಗ. ಒಂದು ಕೈಯಲ್ಲಿ ಕನ್ನಡಿ ಹಿಡಿದ. ಇನ್ನೊಂದು ಕೈಯ ಹೆಬ್ಬೆರಳನ್ನು ಬುಡದ ಪಕ್ಕ ತಗಡಿನ ಮೇಲಿಟ್ಟು ಮೆಲ್ಲಗೆ ಅಲ್ಲಾಡಿಸಿದ. ಆಮೇಲೆ ನನ್ನ ಹೆಬ್ಬೆರಳನ್ನು ಅಲ್ಲಿ ಇಡಿಸಿದ. ತಗಡು ಡಬ್ಬಿಯ ಮುಚ್ಚಳದ ಹಾಗೆ ಟಿಕ್ ಟಿಕ್ ಅಂತ ಒಳಗೆ ಹೊರಗೆ ಆಡುತ್ತಿತ್ತು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ದೀರಲ್ಲ ಸಾರ್" ಅಂದ. ನಗು ಬಂತು, ಮೂರು ಕನ್ನಡಿಯ ದುಡ್ಡು ನೆನೆಸಿಕೊಂಡು ಹೊಟ್ಟೆಯೂ ಉರಿಯಿತು.

ನೀವೂ ಮೊದಲು ಇದನ್ನೇ ಮಾಡಿ. ಸ್ಕ್ರೂಡ್ರೈವರ್ ಆಮೇಲೆ. ಸಡಿಲ ಆಗುವ ಜಾಗ ನಾಲ್ಕೇ: ಚಿಪ್ಪಿನೊಳಗಿನ (ಅಂದರೆ ಕನ್ನಡಿಯ ಹೊರಕವಚದೊಳಗಿನ) ಗಾಜು, ಚಿಪ್ಪಿನ ಹಿಂದಿನ ಗುಂಡು, ಚಿಪ್ಪನ್ನು ಹೊತ್ತ ಕಡ್ಡಿ ಬುಡಕ್ಕೆ ಸೇರುವ ಜಾಗ, ಬುಡ ಬಾಗಿಲಿಗೆ ಕೂತ ಜಾಗ. ಒಂದನ್ನು ಗಟ್ಟಿಯಾಗಿ ಹಿಡಿದು ಅದರ ಪಕ್ಕದ್ದನ್ನು ಅಲ್ಲಾಡಿಸುತ್ತಾ ಬನ್ನಿ. ಬೆರಳಿಗೇ ಗೊತ್ತಾಗುತ್ತದೆ.

ನಿಮ್ಮದು ಬಿಗಿ ಮಾಡಿದ ವಾರಕ್ಕೇ ಸಡಿಲ ಆಗುತ್ತದೆ ಅಂದರೆ ನನ್ನ ಅನುಮಾನ ತಗಡಿನ ಮೇಲೇ. ಈ ಗಾಡಿ 1958ರಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಯಿತು. ಮೂಲ ನಕ್ಷೆ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರದು. ಹಳೆಯ ಗಾಡಿಗಳಲ್ಲಿ ಈಗಿರುವ ಎಷ್ಟೋ ಕನ್ನಡಿಗಳು ಆಮೇಲೆ ಅಂಗಡಿಯಿಂದ ತಂದು ಕೂರಿಸಿದವು. ಒಬ್ಬೊಬ್ಬ ಮೆಕ್ಯಾನಿಕ್ ತನಗೆ ತೋಚಿದ ಕಡೆ ತೂತು ಹೊಡೆದಿರುತ್ತಾನೆ. ನನ್ನ ಬಾಗಿಲಲ್ಲಿ ಬುಡದ ಅಡಿಯ ರಬ್ಬರ್ ಗ್ಯಾಸ್ಕೆಟ್ ತೆಗೆದು ನೋಡಿದರೆ ಐದು ತೂತು! ಎರಡು ಒಂದಕ್ಕೊಂದು ಸೇರಿಕೊಂಡು ಉದ್ದಿನ ವಡೆ ಕಚ್ಚಿದ ಹಾಗೆ ಆಗಿದ್ದವು. ಹಿಂದಿನವರು ನಟ್ಟಿಲ್ಲದೆ ತಗಡಿಗೇ ಕಚ್ಚಿಕೊಳ್ಳುವ ತಗಡಿನ ಸ್ಕ್ರೂ ಹಾಕಿದ್ದರು. ಅದು ಸಡಿಲ ಆದಾಗ ಇನ್ನೊಂದು ಸೈಜು ದಪ್ಪದ್ದು, ಆಮೇಲೆ ಇನ್ನೂ ದಪ್ಪದ್ದು. ಅಂಬಾಸಿಡರ್ ಟ್ಯಾಂಕ್ ಇದ್ದ ಹಾಗೆ ಅಂತ ಎಲ್ಲರೂ ಹೇಳುತ್ತಾರೆ, ನಿಜ. ಆದರೆ ಬಾಗಿಲಿನ ಹೊರ ತಗಡು ಎಷ್ಟಿದ್ದರೂ ತಗಡೇ ಅಲ್ವಾ? ಜೊತೆಗೆ 1489 ಸಿಸಿ ಡೀಸೆಲ್ ಎಂಜಿನ್‌ನ ನಡುಕ, ನಾವು ಧಡಾರ್ ಅಂತ ಬಾಗಿಲು ಹಾಕುವ ಅಭ್ಯಾಸ.

ಇದಕ್ಕೆ ಮದ್ದು ತಗಡಿನ ಹಿಂದೆ ಒಂದು ಪಟ್ಟಿ ಕೊಡುವುದು. ಅರ್ಧ ದಿನದ ಕೆಲಸ.

ಕಿಟಕಿ ಗಾಜನ್ನು ಪೂರ್ತಿ ಮೇಲಕ್ಕೆ ಏರಿಸಿ. ಆಗ ಬಾಗಿಲೊಳಗೆ ಕೈಯಾಡಿಸಲು ಜಾಗ ಸಿಗುತ್ತದೆ. ಒಳಗಿನ ಹಿಡಿಕೆ, ಗಾಜಿನ ಹ್ಯಾಂಡಲ್ ಬಿಚ್ಚಬೇಕು. ನನ್ನ ಗಾಡಿಯಲ್ಲಿ ಹ್ಯಾಂಡಲ್ ಬುಡದ ಬಿಲ್ಲೆಯನ್ನು ಒಳಕ್ಕೆ ಒತ್ತಿದರೆ ಅಡ್ಡಕ್ಕೆ ಒಂದು ಸಣ್ಣ ಪಿನ್ ಕಾಣುತ್ತದೆ, ಅದನ್ನು ಮೊಳೆಯಿಂದ ತಳ್ಳಿದರೆ ಹ್ಯಾಂಡಲ್ ಕೈಗೆ ಬರುತ್ತದೆ. ನಿಮ್ಮದಕ್ಕೆ ನಡುವೆ ಸ್ಕ್ರೂ ಇದ್ದರೂ ಇರಬಹುದು, ನೋಡಿಕೊಂಡು ಕೈ ಹಾಕಿ, ಎಳೆಯಬೇಡಿ. ಆಮೇಲೆ ಬಾಗಿಲಿನ ಒಳಬದಿಯ ರಟ್ಟಿನ ಪ್ಯಾಡ್ ಬಿಚ್ಚಿ. ಹಳೆಯ ರಟ್ಟು ನೀರು ಕುಡಿದು ಹಪ್ಪಳ ಆಗಿರುತ್ತದೆ, ಕ್ಲಿಪ್ ಇರುವ ಜಾಗದಲ್ಲೇ ಎಬ್ಬಿಸಿ.

ಪಟ್ಟಿಗೆ ಎರಡು ಮಿಲಿಮೀಟರ್ ದಪ್ಪದ ಕಬ್ಬಿಣದ ತಗಡು ಸಾಕು. ಕನ್ನಡಿಯ ಬುಡಕ್ಕಿಂತ ಸುತ್ತಲೂ ಒಂದೊಂದು ಇಂಚು ಜಾಸ್ತಿ ಇರಲಿ. ಅಂಬಾಸಿಡರ್ ಬಾಗಿಲು ಸಪಾಟಾಗಿಲ್ಲ, ಸ್ವಲ್ಪ ಉಬ್ಬಿದೆ. ಪಟ್ಟಿಯನ್ನೂ ಆ ಉಬ್ಬಿಗೆ ತಕ್ಕ ಹಾಗೆ ಬಗ್ಗಿಸಿಕೊಳ್ಳಬೇಕು. ಇಲ್ಲದಿದ್ದರೆ ನಟ್ಟು ಬಿಗಿ ಮಾಡುವಾಗ ಹೊರಗಡೆ ತಗಡು ಕುಳಿ ಬೀಳುತ್ತದೆ. ಇಲ್ಲೇ ನಾನು ಒಂದು ಸಲ ಎಡವಿದ್ದು. ಬುಡವನ್ನೇ ಅಚ್ಚಾಗಿಟ್ಟು ತೂತು ಗುರುತು ಮಾಡಿ ಕೊರೆಯಿರಿ. ನನಗೆ ಲೇತ್ ಅಂಗಡಿಯವನು ಕತ್ತರಿಸಿ, ಬಗ್ಗಿಸಿ, ಕೊರೆದು ಕೊಟ್ಟ. ಖರ್ಚು ಎರಡು ಕಾಫಿ.

ಪಟ್ಟಿಗೆ ಎರಡೂ ಕಡೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಪೇಂಟ್ ಹೊಡೆಯಿರಿ. ಬಾಗಿಲಿನ ತೂತುಗಳ ಅಂಚನ್ನೂ ಎಮರಿ ಪೇಪರ್‌ನಿಂದ ಉಜ್ಜಿ, ತುಕ್ಕು ತೆಗೆದು ಅದನ್ನೇ ಸವರಿ. ಕೆಲಸಕ್ಕೆ ಬಾರದ ಹಳೆಯ ತೂತುಗಳನ್ನು ಎಂ-ಸೀಲ್ ತುಂಬಿ ಮುಚ್ಚಬಹುದು, ಬುಡದ ಅಡಿಯಲ್ಲಿ ಬರುವುದರಿಂದ ಕಾಣುವುದಿಲ್ಲ. ಬುಡಕ್ಕೂ ಬಾಗಿಲಿಗೂ ನಡುವೆ ರಬ್ಬರ್ ಬೇಕೇ ಬೇಕು. ಮೂಲ ಗ್ಯಾಸ್ಕೆಟ್ ಇಲ್ಲದಿದ್ದರೆ ಸ್ಕೂಟರ್ ಟ್ಯೂಬ್ ಕತ್ತರಿಸಿ ಹಾಕಿ. ನೀರೂ ಒಳಗೆ ಹೋಗುವುದಿಲ್ಲ, ಪೇಂಟೂ ಉಳಿಯುತ್ತದೆ.

ತಗಡಿನ ಸ್ಕ್ರೂ ಬಿಸಾಕಿ, ಬೋಲ್ಟ್ ಮತ್ತು ನೈಲಾನ್ ಇರುವ ಲಾಕ್ ನಟ್ ಹಾಕಿ. ಬಾಗಿಲೊಳಗೆ ನಟ್ಟು ಹಿಡಿಯುವುದೇ ಫಜೀತಿ. ರಿಂಗ್ ಸ್ಪ್ಯಾನರಿನ ಒಂದು ಬದಿಗೆ ಇನ್ಸುಲೇಷನ್ ಟೇಪ್ ಅಂಟಿಸಿ, ಅದರೊಳಗೆ ನಟ್ಟು ಕೂರಿಸಿ ಕೈ ತೂರಿಸಿ. ಆದರೂ ಒಂದು ಬಿದ್ದೇ ಬೀಳುತ್ತದೆ. ಹಾಳಾದ ಸ್ಪೀಕರಿನ ಅಯಸ್ಕಾಂತಕ್ಕೆ ದಾರ ಕಟ್ಟಿ ಇಳಿಬಿಡಿ. ನನಗೆ ನನ್ನ ನಟ್ಟಿನ ಜೊತೆ ಎಪ್ಪತ್ತೈದು ಪೈಸೆ ಬೆಲೆಯೂ ಇಲ್ಲದ ಮೂರು ಹಳೆಯ ಸ್ಕ್ರೂ, ಒಂದು ಹೇರ್‌ಪಿನ್ ಸಿಕ್ಕಿದವು. ವರ್ಷಗಟ್ಟಲೆ ಕೇಳುತ್ತಿದ್ದ ಗಲಗಲ ಸದ್ದು ಅಂದಿಗೆ ನಿಂತಿತು. ಬಾಗಿಲು ಹೇಗೂ ಬಿಚ್ಚಿದೆಯಲ್ಲ, ತಳದ ನೀರು ಹೋಗುವ ತೂತುಗಳಲ್ಲಿ ಕಟ್ಟಿದ ಮಣ್ಣನ್ನೂ ಕಡ್ಡಿಯಿಂದ ಕೆದಕಿಬಿಡಿ.

ಒಂದು ಮಾತು ಮರೆಯಬೇಡಿ: ಬೋಲ್ಟ್ ಉದ್ದ ಜಾಸ್ತಿಯಾಗಬಾರದು. ಪ್ಯಾಡ್ ಹಾಕುವ ಮೊದಲೇ ಗಾಜನ್ನು ನಿಧಾನ ಇಳಿಸಿ ನೋಡಿ. ಬೋಲ್ಟಿನ ತುದಿ ತಾಗಿದರೆ ಗಾಜಿನ ಮೇಲೆ ಗೆರೆ ಗ್ಯಾರಂಟಿ, ಒಡೆದರೂ ಒಡೆದೀತು.

ತಗಡು ಗಟ್ಟಿ ಇದೆ, ಚಿಪ್ಪು ಮಾತ್ರ ತಾನಾಗಿ ಬಗ್ಗುತ್ತದೆ ಅಂದರೆ ಅದು ಗುಂಡಿನ ಸಮಸ್ಯೆ. ಕನ್ನಡಿಯ ಹಿಂದೆ ಒಂದು ಗುಂಡು, ಅದನ್ನು ಹಿಡಿಯುವ ಬಟ್ಟಲು, ಸ್ಪ್ರಿಂಗ್ ಅಥವಾ ಸ್ಕ್ರೂ ಇರುತ್ತದೆ. ಅದು ನಿಲ್ಲುವುದು ತಿಕ್ಕಾಟದ ಬಲದಿಂದ. ದಯವಿಟ್ಟು ಅಲ್ಲಿಗೆ ಎಣ್ಣೆ, ಗ್ರೀಸ್ ಹಾಕಬೇಡಿ. ಸರ್ವಿಸ್ ಮಾಡುವವರು ಒಳ್ಳೆಯ ಮನಸ್ಸಿನಿಂದ ಒಂದು ತೊಟ್ಟು ಬಿಡುತ್ತಾರೆ, ಕನ್ನಡಿ ಅಂದಿನಿಂದ ನೆಲ ನೋಡಲು ಶುರು. ಬಿಚ್ಚಿ ಥಿನ್ನರಿನಲ್ಲಿ ತೊಳೆದು, ಒಣಗಿಸಿ, ಗುಂಡು ಸವೆದಿದ್ದರೆ ನಡುವೆ ತೆಳ್ಳನೆಯ ಟ್ಯೂಬ್ ತುಂಡು ಇಟ್ಟು ಬಿಗಿ ಮಾಡಿ. ಸ್ಕ್ರೂ ಬಿಟ್ಟುಕೊಳ್ಳುತ್ತಿದ್ದರೆ ಥ್ರೆಡ್‌ಗೆ ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು, ನೀಲಿ ಲಾಕ್‌ಟೈಟ್, ಒಂದು ಹನಿ. ಕೆಂಪು ಬೇಡ, ಮುಂದೆ ಬಿಚ್ಚುವಾಗ ಅಳು ಬರುತ್ತದೆ. ಅಂಗಡಿಯ ಕ್ರೋಮ್ ಕಡ್ಡಿಗಳಲ್ಲಿ ಬಹಳಷ್ಟು ಸತುವಿನ ಎರಕದವು. ಜಾಸ್ತಿ ತಿರುಗಿಸಿದರೆ ಬಿಸ್ಕತ್ತಿನ ಹಾಗೆ ಪಟ್ಟಂತ ಮುರಿಯುತ್ತವೆ, ಅದಕ್ಕೆ ನಮ್ಮೂರ ವೆಲ್ಡಿಂಗ್ ಹಿಡಿಯುವುದೂ ಇಲ್ಲ.

ಬರೀ ಗಾಜು ಅಲ್ಲಾಡುತ್ತಿದ್ದರೆ ಸುಲಭ, ಸಿಲಿಕಾನ್‌ನಲ್ಲಿ ಅಂಟಿಸಿ. ಆದರೆ ವಿನೆಗರ್ ವಾಸನೆ ಬರುವ ಸಿಲಿಕಾನ್ ಬೇಡ. ಅದರಿಂದ ಬರುವ ಆಸಿಡ್ ಹಿಂದಿನ ಬೆಳ್ಳಿ ಲೇಪನ ತಿಂದು ಕಪ್ಪು ಕಲೆ ಮಾಡುತ್ತದೆ. ಅಂಗಡಿಯಲ್ಲಿ ನ್ಯೂಟ್ರಲ್ ಅಂತ ಕೇಳಿ.

ಎಲ್ಲ ಮುಗಿದ ಮೇಲೂ ಐಡ್ಲಿಂಗ್‌ನಲ್ಲಿ ಕನ್ನಡಿ ಒಂಚೂರು ನಡುಗುತ್ತದೆ. ಡೀಸೆಲ್ ಅಂಬಾಸಿಡರ್ ಅಂದಮೇಲೆ ಅಷ್ಟು ಇದ್ದದ್ದೇ. ಗಾಡಿ ಹೊರಟ ಮೇಲೆ ಹಿಂದಿನ ಬಸ್ಸಿನ ಬೋರ್ಡ್ ಓದುವಷ್ಟು ನಿಂತರೆ ಕೆಲಸ ಆಯಿತು. ಹೊರಟ ಮೇಲೂ ನಡುಗುತ್ತಲೇ ಇದ್ದರೆ ಎಂಜಿನ್ ಮೌಂಟಿಂಗ್ ರಬ್ಬರ್ ನೋಡಿಸಿ.