ಓದುಗರ ಪ್ರಶ್ನೆ – ನಮ್ಮ ಉತ್ತರ: ಹೊಡೆದಾಟ, ಗಗನನೌಕೆ ಮತ್ತು ಮನೆಯ ಟಿವಿ

ಪ್ರಶ್ನೆ: ನಾನು ಅಪರೂಪಕ್ಕೆ ಸಿನಿಮಾ ನೋಡುವವಳು. ಥಿಯೇಟರಿನಲ್ಲಿ ಭರ್ಜರಿಯಾಗಿ ಕಂಡ ಆ್ಯಕ್ಷನ್ ಚಿತ್ರವೇ ಮನೆಯ ಹೊಸ ಟಿವಿಯಲ್ಲಿ ಧಾರಾವಾಹಿಯ ಹಾಗೆ ಕಂಡಿತು. ಗ್ರಾಫಿಕ್ಸೇ ಕಳಪೆಯೆ?

ಉತ್ತರ: ಗ್ರಾಫಿಕ್ಸ್ ಮೇಲೆ ತಪ್ಪು ಹೊರಿಸುವ ಮೊದಲು ಟಿವಿಯ ಸೆಟ್ಟಿಂಗ್ಸ್ ನೋಡಿ. ಸಿನಿಮಾ ಸಾಮಾನ್ಯವಾಗಿ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಸ್ಥಿರಚಿತ್ರ. ಪ್ರತಿ ಫ್ರೇಮಿಗೆ ಕ್ಯಾಮೆರಾದೊಳಗೆ ಬೆಳಕು ಬಿಡುವ ಶಟರ್ ತೆರೆದಿರುವುದು ಸುಮಾರು 1/48 ಸೆಕೆಂಡ್. ಅಷ್ಟರಲ್ಲಿ ಬೀಸಿದ ಕೈ ತುಸು ಮಸುಕಾಗಿ ದಾಖಲಾಗುತ್ತದೆ. ಸಿನಿಮಾ ಸಿನಿಮಾದಂತೆ ಕಾಣುವುದು ಆ 24 ಫ್ರೇಮ್ ಮತ್ತು ಆ ಮಸುಕಿನಿಂದ. ಹೊಸ ಟಿವಿಗಳು ಎರಡು ಫ್ರೇಮ್‌ಗಳ ನಡುವೆ ತಾವೇ ಊಹಿಸಿದ ಫ್ರೇಮ್‌ಗಳನ್ನು ಸೇರಿಸಿ 60 ಅಥವಾ 120ಕ್ಕೆ ಏರಿಸುತ್ತವೆ. ಆಗ ಚಲನೆ ಅತಿ ನುಣುಪಾಗಿ, ಧಾರಾವಾಹಿಯ ಹಾಗೆ ಕಾಣುತ್ತದೆ. ಊಹೆ ತಪ್ಪಿದಾಗ ಓಡುವವನ ತಲೆಯ ಸುತ್ತ ಹಿನ್ನೆಲೆ ಕದಡಿದ ನೀರಿನಂತೆ ಅಲುಗುತ್ತದೆ.

ಪಿಕ್ಚರ್ ಸೆಟ್ಟಿಂಗ್ಸ್‌ನಲ್ಲಿ ಹೀಗೆ ಫ್ರೇಮ್ ಸೇರಿಸುವ ಆಯ್ಕೆಗೆ ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ, ಸ್ಯಾಮ್‌ಸಂಗ್‌ನಲ್ಲಿ ಪಿಕ್ಚರ್ ಕ್ಲಾರಿಟಿ ಎಂಬ ಹೆಸರು. ಆಫ್ ಮಾಡಿ. ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದೊಂದನ್ನು ಆರಿಸಿದರೂ ಸಾಕು. ಆಫ್ ಮಾಡಿಯೂ ಮತ್ತೆ ಹಾಗೇ ಕಂಡರೆ ಗಾಬರಿ ಬೇಡ: ಅನೇಕ ಟಿವಿಗಳು ಪ್ರತಿ ಎಚ್‌ಡಿಎಂಐ ಇನ್‌ಪುಟ್‌ಗೂ (ಸೆಟ್‌ಟಾಪ್ ಬಾಕ್ಸ್‌ನಂಥವನ್ನು ಜೋಡಿಸುವ ಕಿಂಡಿ), ಬೆಳಕು-ನೆರಳಿನ ವ್ಯಾಪ್ತಿ ಹೆಚ್ಚಿರುವ ಎಚ್‌ಡಿಆರ್ ಚಿತ್ರಗಳಿಗೂ ಸೆಟ್ಟಿಂಗ್ಸ್ ಬೇರೆಬೇರೆಯಾಗಿ ಇಟ್ಟುಕೊಳ್ಳುತ್ತವೆ. ಚಿತ್ರ ಓಡುತ್ತಿರುವಾಗಲೇ ಮೆನು ತೆರೆದು ಬದಲಿಸಿ. ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ತಿರುಗುವಾಗ ದೃಶ್ಯ ಕುಲುಕಿದರೆ ಕಾರಣವಿದೆ: ಸೆಕೆಂಡಿಗೆ 60 ಸಲ ಚಿತ್ರ ಮೂಡಿಸುವ 60 ಹರ್ಟ್ಸ್ ಪರದೆಯಲ್ಲಿ ಒಂದು ಫ್ರೇಮ್ ಎರಡು ಸಲ, ಮುಂದಿನದು ಮೂರು ಸಲ ಬರುತ್ತದೆ. ಡಿ-ಜಡರ್ ಎಂಬ ಆಯ್ಕೆ ಇದ್ದರೆ, ಪೂರ್ತಿ ಆಫ್ ಮಾಡುವ ಬದಲು ಅದನ್ನು 10ರಲ್ಲಿ 1 ಅಥವಾ 2ಕ್ಕೆ ಇಟ್ಟರೆ ಕುಲುಕು ತಗ್ಗುತ್ತದೆ, ಅದಕ್ಕಿಂತ ಮೇಲೇರಿಸಬೇಡಿ.

ಪ್ರಶ್ನೆ: ಈಚಿನ ಹೊಡೆದಾಟಗಳಲ್ಲಿ ಯಾರು ಯಾರಿಗೆ ಹೊಡೆದರೆಂದೇ ತಿಳಿಯುವುದಿಲ್ಲ. ನನ್ನ ಕಣ್ಣು ನಿಧಾನವೆ?

ಉತ್ತರ: ಖಂಡಿತ ಅಲ್ಲ. ಏಟು ಬೀಳುವ ಕ್ಷಣದಲ್ಲೇ ಕಟ್ ಮಾಡಿದರೆ ಏಟಿನ ಅರ್ಧ ಒಂದು ಶಾಟ್‌ನಲ್ಲಿ, ಉಳಿದರ್ಧ ಇನ್ನೊಂದರಲ್ಲಿ. ಕ್ಯಾಮೆರಾ ಇಬ್ಬರ ನಡುವಿನ ಕಾಲ್ಪನಿಕ ಗೆರೆಯನ್ನು ದಾಟಿತೋ, ಎಡಕ್ಕೆ ಮುಖ ಮಾಡಿದ್ದವನು ಬಲಕ್ಕೆ ತಿರುಗಿದಂತೆ ಕಂಡು ದಿಕ್ಕೇ ತಪ್ಪುತ್ತದೆ. ಇದಕ್ಕೆ ಕೈಯಲ್ಲಿ ಹಿಡಿದ ಕ್ಯಾಮೆರಾದ ನಡುಕವೂ ಸೇರಿದರೆ ಕಥೆ ಮುಗಿಯಿತು. ನಟರ ಪಾದಗಳು ಕಾಣುತ್ತಿವೆಯೇ, ಏಟು ಕೊಟ್ಟದ್ದೂ ತಿಂದದ್ದೂ ಒಂದೇ ಶಾಟ್‌ನಲ್ಲಿದೆಯೇ ನೋಡಿ. ಎರಡೂ ಇದ್ದರೆ ಆ ತಂಡ ತಿಂಗಳುಗಟ್ಟಲೆ ತಾಲೀಮು ಮಾಡಿರುವ ಸಾಧ್ಯತೆ ಹೆಚ್ಚು. ಅಂಥ ಚಿತ್ರಗಳನ್ನೇ ಹುಡುಕಿ ನೋಡಿ ಎನ್ನುತ್ತೇವೆ.

ನಡುಕವೆಲ್ಲ ಕೆಟ್ಟದ್ದಲ್ಲ. 1998ರ 'ಸೇವಿಂಗ್ ಪ್ರೈವೇಟ್ ರಯಾನ್' ಚಿತ್ರದ ಕಡಲತೀರದ ಯುದ್ಧದಲ್ಲಿ ಶಟರ್ ಕೋನವನ್ನು (ಶಟರ್ ಎಷ್ಟು ಹೊತ್ತು ತೆರೆದಿರುತ್ತದೆಂಬುದರ ಅಳತೆ; ಮೇಲೆ ಹೇಳಿದ 1/48 ಸೆಕೆಂಡ್ ಎಂದರೆ 180 ಡಿಗ್ರಿ) 180 ಡಿಗ್ರಿಯಿಂದ 90ಕ್ಕೂ 45ಕ್ಕೂ ಇಳಿಸಿದ್ದರು. 45 ಡಿಗ್ರಿ ಎಂದರೆ ಫ್ರೇಮಿಗೆ 1/192 ಸೆಕೆಂಡ್. ಸಿಡಿದ ಮಣ್ಣಿನ ಒಂದೊಂದು ಕಣವೂ ಚೂಪಾಗಿ ಕಾಣುತ್ತದೆ, ಚಲನೆ ಮಾತ್ರ ಕಡಿದು ಕಡಿದು ಸಾಗುತ್ತದೆ. ಅಲ್ಲಿನ ದಿಗಿಲಿಗೆ ಅದೇ ಬೇಕಿತ್ತು.

ಪ್ರಶ್ನೆ: ಬಾಹ್ಯಾಕಾಶದಲ್ಲಿ ಸದ್ದಿಲ್ಲವಂತೆ. ನೌಕೆ ಸಿಡಿದಾಗ ಸದ್ದು ಕೇಳಿಸುವ ಚಿತ್ರಗಳನ್ನು ತಳ್ಳಿಹಾಕಬೇಕೆ?

ಉತ್ತರ: ಬೇಡ. ಗಾಳಿಯಿಲ್ಲದ ಕಡೆ ಸದ್ದು ಹರಿಯದು, ನಿಜ; 1968ರ '2001: ಎ ಸ್ಪೇಸ್ ಒಡಿಸ್ಸಿ' ಅದನ್ನು ಪಾಲಿಸಿತು. 2013ರ 'ಗ್ರ್ಯಾವಿಟಿ'ಯಲ್ಲಿ ಗಗನಯಾತ್ರಿ ಮುಟ್ಟಿದ ವಸ್ತುವಿನ ಕಂಪನ ಪೋಷಾಕಿನ ಮೂಲಕ ಕಿವಿಗೆ ಬರುತ್ತದೆ, ಇದೂ ಸರಿಯೇ. ಸದ್ದಿರುವ ಚಿತ್ರಗಳಲ್ಲಿ ನೋಡಬೇಕಾದದ್ದು, ತಾನು ಹಾಕಿಕೊಂಡ ನಿಯಮವನ್ನು ಚಿತ್ರ ಕೊನೆಯವರೆಗೂ ಉಳಿಸಿಕೊಂಡಿತೇ ಎಂದು. ಮೊದಲರ್ಧದಲ್ಲಿ ಆಗದ ಕೆಲಸ ಕ್ಲೈಮ್ಯಾಕ್ಸ್‌ನಲ್ಲಿ ಕಾರಣವಿಲ್ಲದೆ ಆಗಿಬಿಟ್ಟರೆ, ಧಾರಾಳವಾಗಿ ಅಂಕ ಕಳೆಯಿರಿ.